ಉಬ್ಬದೇ ಹೋದ ಕೇಕ್

ಮಗಳು ಬೇಕಿಂಗ್ ಪೌಡರ್ ಅಳೆದು ಒಂದು ಪುಟ್ಟ ಬಟ್ಟಲಲ್ಲಿ ಹಾಕಿಟ್ಟಿದ್ದಳು. ಎರಡು ಟೀ ಚಮಚ. ಆಮೇಲೆ ಬೆಣ್ಣೆಗೆ ಸಕ್ಕರೆ ಹಾಕಿ ತಿರುವುವುದು, ಮೊಟ್ಟೆ ಒಡೆಯುವುದು, ತಮ್ಮನ ಕೈಯಿಂದ ಚಮಚ ಕಿತ್ತುಕೊಳ್ಳುವುದು, ಈ ಗಡಿಬಿಡಿಯಲ್ಲಿ ಆ ಬಟ್ಟಲು ಮರೆತೇ ಹೋಯಿತು. ಹಿಟ್ಟೆಲ್ಲ ಕಲಸಿ ಟಿನ್ನಿಗೆ ಸುರಿಯುತ್ತಿದ್ದಾಳೆ. ಬಟ್ಟಲು ಸಕ್ಕರೆ ಡಬ್ಬಿಯ ಹಿಂದೆ ಹಾಗೇ ಕೂತಿದೆ. ನನಗೆ ಕಾಣುತ್ತಿದೆ, ಅವಳಿಗೆ ಕಾಣುತ್ತಿಲ್ಲ.

ನಾನು ಸುಮ್ಮನಿದ್ದೆ.

ಮಗಳಿಗೆ ಆಗ ಒಂಬತ್ತು ವರ್ಷ. ಶುರುವಿನಿಂದ ಕೊನೆಯವರೆಗೆ ತಾನೇ ಮಾಡುತ್ತೇನೆ ಎಂದು ಹಟ ಹಿಡಿದು ನಿಂತ ಮೊದಲ ಕೇಕ್ ಅದು. "ಅಮ್ಮಾ, ಓವನ್ ಮಾತ್ರ ನೀನು ನೋಡ್ಕೋ. ಬೇರೆ ಏನೂ ಹೇಳ್ಬಾರ್ದು" ಎಂದು ಮೊದಲೇ ಮಾತು ತೆಗೆದುಕೊಂಡಿದ್ದಳು. ಬಾಯಿ ತುದಿಗೆ ಬಂದದ್ದನ್ನು ನುಂಗಿಕೊಂಡೆ. ಟಿನ್ ಒಳಗಿಟ್ಟು ಬಾಗಿಲು ಮುಚ್ಚಿದೆ. 180 ಡಿಗ್ರಿ, ಮೂವತ್ತೈದು ನಿಮಿಷ.

ಓವನ್ನಿನ ಗಾಜಿನ ಮುಂದೆ ಅಕ್ಕ ತಮ್ಮ ಇಬ್ಬರೂ ಮೊಣಕಾಲೂರಿ ಕೂತರು. ಹತ್ತು ನಿಮಿಷ ಆಯಿತು, ಇಪ್ಪತ್ತಾಯಿತು. "ಇನ್ನೂ ಉಬ್ಬಿಲ್ಲ ಅಲ್ವಾ?" ಎಂದ ತಮ್ಮ. "ಉಬ್ಬುತ್ತೆ, ಸುಮ್ನಿರು" ಎಂದಳು ಅಕ್ಕ. ಹೊರಗೆ ತೆಗೆದಾಗ ಕೇಕ್ ಒಂದು ಬೆರಳು ಎತ್ತರಕ್ಕೂ ಬಂದಿರಲಿಲ್ಲ. ಬಣ್ಣ ಚೆನ್ನಾಗಿತ್ತು, ವಾಸನೆ ಚೆನ್ನಾಗಿತ್ತು. ಮುಟ್ಟಿದರೆ ಮಾತ್ರ ಗಟ್ಟಿ.

ಮಗಳು ಮೊದಲು ನನ್ನ ಮುಖ ನೋಡಿದಳು. ನಾನೇನು ಹೇಳುತ್ತೇನೋ ಎಂದು ಕಾದಳು. ನಾನು ಏನೂ ಹೇಳಲಿಲ್ಲ. ಆಗ ಅವಳು ಮಾಡಿದ ಕೆಲಸ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಅಳತೆ ಬರೆದಿದ್ದ ಚೀಟಿ ಎತ್ತಿಕೊಂಡಳು. ಮೇಲಿನಿಂದ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದುತ್ತಾ ಬಂದಳು. ಮೈದಾ, ಹಾಕಿದೆ. ಬೆಣ್ಣೆ, ಹಾಕಿದೆ. ಸಕ್ಕರೆ, ಹಾಕಿದೆ. ಐದನೇ ಸಾಲಿನಲ್ಲಿ ಬೆರಳು ನಿಂತಿತು. ತಲೆ ಎತ್ತಿ ಕಟ್ಟೆಯನ್ನೆಲ್ಲ ಒಮ್ಮೆ ನೋಡಿದಳು. ಡಬ್ಬಿಯ ಹಿಂದಿನ ಬಟ್ಟಲು ಕಂಡಿತು.

ಅಡುಗೆಮನೆಯಲ್ಲಿ ಮಕ್ಕಳು ಏನು ಕಲಿಯುತ್ತಾರೆ ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಆ ಬೆರಳು. ತಪ್ಪನ್ನು ನಾನು ಎತ್ತಿ ತೋರಿಸಿದ್ದರೆ ಅವಳು ವಾದ ಮಾಡುತ್ತಿದ್ದಳು. ತಮ್ಮನ ಮೇಲೆ ಹಾಕುತ್ತಿದ್ದಳು, ಇಲ್ಲ ಅಳುತ್ತಿದ್ದಳು. ಕೇಕಿನ ಜೊತೆ ಎಂಥ ವಾದ? ಅದು ಬೈಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಆಗಿದ್ದು ಏನು ಎಂದಷ್ಟೇ ತೋರಿಸುತ್ತದೆ. ಮಕ್ಕಳು ಅಂಥ ಉತ್ತರವನ್ನು ಬೇಗ ಒಪ್ಪಿಕೊಳ್ಳುತ್ತಾರೆ. ದಿನವಿಡೀ ದೊಡ್ಡವರ ಮುಖ ನೋಡಿ ಸರಿ ತಪ್ಪು ಅಳೆಯುವ ಮಗುವಿಗೆ, ಯಾರ ಮುಖವನ್ನೂ ನೋಡದೆ ಕಾರಣ ಹುಡುಕುವ ಜಾಗ ಒಂದಾದರೂ ಬೇಕು. ನಮ್ಮ ಮನೆಯಲ್ಲಿ ಆ ಜಾಗ ಓವನ್ ಪಕ್ಕದ ಕಟ್ಟೆ.

ಆದರೆ ಕಥೆ ಅಲ್ಲಿಗೇ ಮುಗಿಯಲಿಲ್ಲ. ಅವಳು ಬಟ್ಟಲು ಕೈಯಲ್ಲಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ನೀನು ಇದನ್ನ ನೋಡಿದ್ಯಾ?"

"ನೋಡಿದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ಬೇಡ ಅಂದಿದ್ಯಲ್ಲ."

"ಹೇಗೆ ಮಾಡ್ಬೇಕು ಅಂತ ಹೇಳ್ಬೇಡ ಅಂದಿದ್ದು. ಮರ್ತಿದ್ದನ್ನೂ ಹೇಳ್ಬೇಡ ಅಂದಿರ್ಲಿಲ್ಲ."

ಅವಳ ಕಣ್ಣಲ್ಲಿ ನೀರಿತ್ತು. ಅದು ಸಿಟ್ಟಿನ ನೀರು. ಅವಳ ಮಾತಿನಲ್ಲಿ ನ್ಯಾಯವೂ ಇತ್ತು. ಮಗುವಿಗೆ ದಾರಿ ಬಿಟ್ಟುಕೊಡುವುದು ಬೇರೆ, ಮಗು ಎಡವುವುದನ್ನು ನೋಡುತ್ತಾ ನಿಲ್ಲುವುದು ಬೇರೆ. ಎರಡರ ನಡುವಿನ ಗೆರೆ ಎಲ್ಲಿದೆ ಎಂದು ನನಗೆ ಆ ದಿನ ಗೊತ್ತಿರಲಿಲ್ಲ. "ನಿನ್ನ ಮಾತು ಸರಿ" ಎಂದೆ. ಕೇಕನ್ನು ತುಂಡು ಮಾಡಿ ಮೂವರೂ ಹಾಲಲ್ಲಿ ಅದ್ದಿಕೊಂಡು ತಿಂದೆವು.

ಮರುದಿನ ಅವಳಿಗೆ ಒಂದು ಪ್ರಶ್ನೆ. ಎರಡು ಚಮಚ ಪುಡಿಗೆ ಅಷ್ಟು ಶಕ್ತಿ ಎಲ್ಲಿಂದ ಬಂತು? ಒಂದು ಲೋಟದಲ್ಲಿ ಅಡುಗೆ ಸೋಡಾ ಹಾಕಿ ಮೇಲೆ ವಿನೆಗರ್ ಸುರಿದು ತೋರಿಸಿದೆ. ಬುಸ್ಸೆಂದು ನೊರೆ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿಯಿತು. ಅಡುಗೆ ಸೋಡಾಕ್ಕೆ ಹುಳಿ ಸೇರಿದರೆ ಹಿಟ್ಟನ್ನು ಉಬ್ಬಿಸುವ ಇಂಗಾಲದ ಡೈಆಕ್ಸೈಡ್ ಅನಿಲ ಹೊರಡುತ್ತದೆ. ಬೇಕಿಂಗ್ ಪೌಡರ್‌ನಲ್ಲಿ ಇವೆರಡೂ ಒಣಗಿದ ರೂಪದಲ್ಲಿ ಒಟ್ಟಿಗೇ ಇರುತ್ತವೆ. ನೀರು ತಾಗುವವರೆಗೆ ಜಗಳ ಶುರುವಾಗದಿರಲಿ ಎಂದು ಜೊತೆಗೆ ಸ್ವಲ್ಪ ಮೆಕ್ಕೆಜೋಳದ ಪಿಷ್ಟವನ್ನೂ ಬೆರೆಸಿರುತ್ತಾರೆ. ಈಗ ಸಿಗುವ ಹೆಚ್ಚಿನ ಪುಡಿಗಳು ಎರಡು ಸಲ ಕೆಲಸ ಮಾಡುತ್ತವೆ. ಒದ್ದೆಯಾದಾಗ ಒಮ್ಮೆ, ಬಿಸಿ ತಾಗಿದಾಗ ಇನ್ನೊಮ್ಮೆ.

ಇದನ್ನು ಕಂಡುಹಿಡಿದವರ ಕಥೆಯನ್ನೂ ಹೇಳಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ ಇದ್ದರು. ಅವರ ಹೆಂಡತಿಗೆ ಬ್ರೆಡ್ ಉಬ್ಬಿಸುವ ಯೀಸ್ಟ್ ಆಗಿಬರುತ್ತಿರಲಿಲ್ಲ. ಅವಳೂ ಬ್ರೆಡ್ ತಿನ್ನುವಂತಾಗಲಿ ಎಂದು 1843ರಲ್ಲಿ ಅವರು ಯೀಸ್ಟ್ ಇಲ್ಲದೆ ಹಿಟ್ಟು ಉಬ್ಬಿಸುವ ಪುಡಿ ಮಾಡಿದರು. ಮಗಳಿಗೆ ಈ ಕಥೆ ತುಂಬಾ ಹಿಡಿಸಿತು. ರಸಾಯನಶಾಸ್ತ್ರಕ್ಕಿಂತ ಜಾಸ್ತಿ, ಹೆಂಡತಿಗೋಸ್ಕರ ಮಾಡಿದರು ಅನ್ನುವುದು.

ಅವತ್ತಿಂದ ಅವಳು ಒಂದು ಪದ್ಧತಿ ಇಟ್ಟುಕೊಂಡಳು. ಶುರು ಮಾಡುವ ಮುಂಚೆ ಎಲ್ಲವನ್ನೂ ಅಳೆದು ಬಟ್ಟಲುಗಳನ್ನು ಸಾಲಾಗಿ ಎಡಗಡೆ ಇಡುವುದು. ಒಂದೊಂದು ಹಾಕಿದ ಮೇಲೆ ಖಾಲಿ ಬಟ್ಟಲು ಬಲಗಡೆಗೆ. ಎಡಗಡೆ ಏನೂ ಉಳಿಯದಿದ್ದರೆ ಮಾತ್ರ ಟಿನ್ನಿಗೆ ಸುರಿಯುವುದು. ಅದನ್ನು ನಾನು ಹೇಳಿಕೊಟ್ಟದ್ದಲ್ಲ. ಜೊತೆಗೆ ತಮ್ಮನಿಗೆ ಇನ್ನೂ ಓದಲು ಬರುವುದಿಲ್ಲವೆಂದು ಚೀಟಿಯಲ್ಲಿ ಚಿತ್ರ ಬರೆಯತೊಡಗಿದಳು. ಬೆಣ್ಣೆಗೆ ಹಳದಿ ಚೌಕ, ಮೊಟ್ಟೆಗೆ ಮೊಟ್ಟೆ, ಉಪ್ಪಿಗೆ ತೂತಿರುವ ಡಬ್ಬಿ.

ಅವನದು ಬೇರೆಯೇ ಪಾಠ. ಆಗ ಐದು ವರ್ಷ. ಹಾಲು ಅಳೆಯುವ ಕೆಲಸ ಅವನಿಗೆ. ಅಗಲವಾದ ಕಪ್ಪಿನಲ್ಲಿ ಗೆರೆಯವರೆಗೆ ಹಾಲು ಅಳೆದು, ಅದನ್ನು ಉದ್ದನೆಯ ಲೋಟಕ್ಕೆ ಸುರಿದ. ಸುರಿದವನೇ "ಅಯ್ಯೋ, ಜಾಸ್ತಿ ಆಗೋಯ್ತು!" ಎಂದ. "ಸುರಿದದ್ದು ಅದೇ ಹಾಲಲ್ವಾ?" ಎಂದೆ. "ಹೌದು. ಆದ್ರೆ ಈಗ ಜಾಸ್ತಿ ಇದೆ, ನೋಡು" ಎಂದು ಲೋಟದ ಎತ್ತರ ಬೆರಳಲ್ಲಿ ತೋರಿಸಿದ. ಮತ್ತೆ ಕಪ್ಪಿಗೆ ಸುರಿದ, ಸರಿಯಾಗಿ ಗೆರೆಗೆ ಬಂತು. ಮತ್ತೆ ಲೋಟಕ್ಕೆ, ಮತ್ತೆ ಜಾಸ್ತಿ. ಆರೇಳು ಸಲ ಸುರಿದಿರಬೇಕು. ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಎಂದು ಜೀವನವಿಡೀ ನೋಡಿದ ಸ್ವಿಟ್ಜರ್ಲೆಂಡಿನ ಜ್ಯಾನ್ ಪಿಯಾಜೆ ಇದೇ ಪರೀಕ್ಷೆಯನ್ನು ಮಕ್ಕಳ ಮುಂದೆ ಇಟ್ಟಿದ್ದರು. ಏಳು ವರ್ಷದ ಆಸುಪಾಸಿನವರೆಗೆ ಹೆಚ್ಚಿನ ಮಕ್ಕಳು ಎತ್ತರದ ಪಾತ್ರೆಯಲ್ಲೇ ಜಾಸ್ತಿ ಇದೆ ಎನ್ನುತ್ತಾರೆ. ಹೇಳಿಕೊಟ್ಟು ಅದನ್ನು ಬೇಗ ದಾಟಿಸಬೇಕು ಎಂದು ನನಗೆ ಅನ್ನಿಸಲಿಲ್ಲ. ಸುರಿಯಲಿ. ಒಂದು ದಿನ ಅವನ ಕಣ್ಣೂ ಕೈಯೂ ಒಂದೇ ಮಾತು ಹೇಳುತ್ತವೆ. ಅದಕ್ಕೆ ಮುಂಚೆ ಎಷ್ಟು ಹಾಲು ಎಷ್ಟು ಸಲ ಆಕಡೆ ಈಕಡೆ ಆಗಿದ್ದರೆ ಅಷ್ಟು ಒಳ್ಳೆಯದು.

ಲೆಕ್ಕದ ವಿಷಯದಲ್ಲಿ ಮಗಳಿಗೆ ಸಿಕ್ಕಿದ್ದು ಇನ್ನೂ ಜಾಸ್ತಿ. ಮುಕ್ಕಾಲು ಕಪ್ ಬೇಕು, ಇರುವುದು ಕಾಲು ಕಪ್ ಅಳತೆ ಮಾತ್ರ. ಮೂರು ಸಲ. ಒಂದು ಟೇಬಲ್ ಚಮಚಕ್ಕೆ ಮೂರು ಟೀ ಚಮಚ, ಒಂದು ಕಪ್ಪಿಗೆ ಹದಿನಾರು ಟೇಬಲ್ ಚಮಚ. ಭಿನ್ನರಾಶಿ ಅಂದರೆ ಮುಖ ಸಿಂಡರಿಸುತ್ತಿದ್ದವಳು ಅರ್ಧದ ಅರ್ಧ ಎಷ್ಟು ಎಂದು ಯೋಚಿಸದೆ ಹೇಳುತ್ತಾಳೆ. ಒಮ್ಮೆ ನೆಂಟರು ಬರುವವರಿದ್ದರು. ಕೇಕ್ ಎರಡರಷ್ಟು ಮಾಡೋಣ ಎಂದಳು. ನಮ್ಮ ಚೌಕದ ಟಿನ್ನಿನ ಬದಿ ಎಂಟು ಇಂಚು. ಹಾಗಾದರೆ ಹದಿನಾರು ಇಂಚಿನದು ಬೇಕು ಎಂದಳು. ಹಳೆಯ ಪೇಪರ್ ಹರವಿ ಎರಡನ್ನೂ ಕತ್ತರಿಸಿ ನೋಡು ಎಂದೆ. ದೊಡ್ಡ ಚೌಕದ ಮೇಲೆ ಚಿಕ್ಕದನ್ನು ಇಟ್ಟಳು. ಪಕ್ಕಕ್ಕೆ ಇನ್ನೊಂದು, ಕೆಳಗೆ ಇನ್ನೆರಡು. ನಾಲ್ಕು ಹಿಡಿಸಿದವು. "ಎರಡಲ್ವಾ ಆಗ್ಬೇಕಿತ್ತು?" ಎಂದು ಪೇಪರನ್ನು ಎಷ್ಟು ಹೊತ್ತು ನೋಡಿದಳು! ಬದಿ ಎರಡರಷ್ಟಾದರೆ ಜಾಗ ನಾಲ್ಕರಷ್ಟಾಗುತ್ತದೆ. ಆ ವಾಕ್ಯವನ್ನು ನಾನು ಹೇಳಬೇಕಾಗಲಿಲ್ಲ.

ಕಪ್ ಅಳತೆಗೂ ಒಂದು ಚರಿತ್ರೆ ಇದೆ. ಹಿಂದಿನ ಪಾಕವಿಧಾನಗಳಲ್ಲಿ "ಮೊಟ್ಟೆ ಗಾತ್ರದ ಬೆಣ್ಣೆ" ಎಂಬಂಥ ಅಳತೆಗಳೇ ಇರುತ್ತಿದ್ದವು. ಕಪ್ಪಿನ, ಚಮಚದ ಮೇಲ್ಭಾಗವನ್ನು ಚಾಕುವಿನಿಂದ ಸಮ ಮಾಡಿ ಅಳೆಯುವ ರೂಢಿಯನ್ನು ಮನೆಮನೆಗೆ ತಲುಪಿಸಿದವರು ಅಮೆರಿಕದ ಫ್ಯಾನಿ ಫಾರ್ಮರ್, 1896ರ ತಮ್ಮ ಅಡುಗೆ ಪುಸ್ತಕದಿಂದ. ಆದರೂ ಕಪ್ ಪೂರ್ತಿ ನಂಬಿಕಸ್ಥ ಅಲ್ಲ. ಹಿಟ್ಟನ್ನು ಚಮಚದಿಂದ ಹಗುರವಾಗಿ ತುಂಬಿದರೆ ಒಂದು ಕಪ್ 120 ಗ್ರಾಂ ಆಸುಪಾಸು ಬರುತ್ತದೆ. ಕಪ್ಪನ್ನೇ ಡಬ್ಬಿಗೆ ಅದುಮಿ ತೆಗೆದರೆ 150ಕ್ಕೂ ಹೋಗುತ್ತದೆ. ಮನೆಯಲ್ಲಿ ಒಂದು ಚಿಕ್ಕ ತಕ್ಕಡಿ ಇದ್ದರೆ ಮಕ್ಕಳಿಗೇ ಎರಡೂ ತೂಗಿ ನೋಡಲು ಹೇಳಿ. ಅಳತೆಯಲ್ಲೂ ಅಳೆಯುವವರ ಕೈ ಸೇರಿಕೊಳ್ಳುತ್ತದೆ ಎಂದು ಅವರಿಗೆ ಗೊತ್ತಾಗುವ ಗಳಿಗೆ ನೋಡುವಂಥದ್ದು.

ಬ್ರೆಡ್‌ಗೆ ಕೈ ಹಾಕಿದ್ದು ಆಮೇಲೆ. ಕೇಕಿಗಿಂತ ನನಗೆ ಬ್ರೆಡ್ಡೇ ಇಷ್ಟ. ಮಕ್ಕಳ ಕೈಗೆ ಕೆಲಸ ಜಾಸ್ತಿ, ಸಕ್ಕರೆ ಕಮ್ಮಿ, ಕಾಯುವುದು ತುಂಬಾ. 500 ಗ್ರಾಂ ಹಿಟ್ಟು, 325 ಗ್ರಾಂ ನೀರು, 10 ಗ್ರಾಂ ಉಪ್ಪು, 5 ಗ್ರಾಂ ಒಣ ಯೀಸ್ಟ್. ಬ್ರೆಡ್ ಮಾಡುವವರ ಲೆಕ್ಕದಲ್ಲಿ ಹಿಟ್ಟು ಯಾವಾಗಲೂ ನೂರು ಪರ್ಸೆಂಟ್, ಉಳಿದದ್ದೆಲ್ಲ ಅದಕ್ಕೆ ಹೋಲಿಸಿ. ನೀರು 65, ಉಪ್ಪು 2, ಯೀಸ್ಟ್ 1. ಮಗಳು ಕೂಡಿಸಿ ನೋಡಿ, "ಒಟ್ಟು 168 ಆಯ್ತು. ನೂರಕ್ಕಿಂತ ಜಾಸ್ತಿ ಹೇಗೆ ಬರುತ್ತೆ?" ಎಂದು ಜಗಳಕ್ಕೇ ನಿಂತಳು. ಒಳ್ಳೆಯ ಜಗಳ. ಯಾವುದರಲ್ಲಿ ಪರ್ಸೆಂಟ್ ಎಂದು ಮೊದಲು ಕೇಳಬೇಕು ಎನ್ನುವುದು ಎಷ್ಟೋ ದೊಡ್ಡವರಿಗೂ ಹೊಳೆಯುವುದಿಲ್ಲ.

ಮಗನಿಗೆ ಮಾತ್ರ ಯೀಸ್ಟ್ ಮೇಲೇ ಕಣ್ಣು. ಉಗುರುಬೆಚ್ಚಗಿನ ನೀರಿಗೆ ಚೂರು ಸಕ್ಕರೆ ಹಾಕಿ ಯೀಸ್ಟ್ ಉದುರಿಸಿ ಹತ್ತು ನಿಮಿಷ ಬಿಟ್ಟೆವು. ಮೇಲೆ ಕೆನೆಯ ಹಾಗೆ ನೊರೆ ಬಂತು. "ಅದಕ್ಕೆ ಜೀವ ಇದೆಯಾ?" ಇದೆ, ಎಂದೆ. "ಹಸಿವಾಗಿತ್ತಾ?" ಹೌದು, ಎಂದೆ. ಹುದುಗು ಬರುವುದು ಜೀವಿಗಳ ಕೆಲಸ ಎಂದು ಫ್ರಾನ್ಸಿನ ಲೂಯಿ ಪಾಶ್ಚರ್ 1857ರಿಂದ ಮುಂದೆ ಪ್ರಯೋಗ ಮಾಡಿ ತೋರಿಸಿಕೊಟ್ಟರು. ಅದಕ್ಕೂ ಮುಂಚೆ ಸಾವಿರಾರು ವರ್ಷ ಜನ ಕಾರಣ ಗೊತ್ತಿಲ್ಲದೇ ಬ್ರೆಡ್ ಉಬ್ಬಿಸುತ್ತಿದ್ದರು. ಯೀಸ್ಟ್ ಸಕ್ಕರೆ ತಿನ್ನುತ್ತದೆ, ಗಾಳಿ ಬಿಡುತ್ತದೆ. ನಾವು ನಾದಿದ ಹಿಟ್ಟಿನ ಬಲೆ ಆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಬಲೆಯೇ ಗ್ಲುಟನ್. ಹಿಟ್ಟಿನ ಒಂದು ಚೂರನ್ನು ಬೆರಳುಗಳ ನಡುವೆ ಮೆಲ್ಲಗೆ ಹಿಗ್ಗಿಸಿ ಬೆಳಕಿಗೆ ಹಿಡಿಯಬೇಕು. ಹರಿಯದೆ, ಆಚೆಯ ಬೆಳಕು ಕಾಣುವಷ್ಟು ತೆಳ್ಳಗಾದರೆ ನಾದಿದ್ದು ಸಾಕು. ನಮ್ಮದು ಹರಿಯಿತು. ಇನ್ನೂ ಐದು ನಿಮಿಷ ನಾದಿದರು. ಮತ್ತೆ ಹರಿಯಿತು. ಮೂರನೇ ಸಲ ಆ ತೆಳು ಪರದೆಯ ಆಚೆ ಮಗಳ ಬೆರಳಿನ ನೆರಳು ಕಂಡಿತು.

ಇನ್ನೊಂದು ಸಲ ನಾನೇ ಆತುರದಲ್ಲಿ ತೀರಾ ಬಿಸಿ ನೀರು ಹಾಕಿಬಿಟ್ಟೆ. 60 ಡಿಗ್ರಿ ದಾಟಿದರೆ ಯೀಸ್ಟ್ ಸಾಯುತ್ತದೆ. ಒಂದೂವರೆ ಗಂಟೆ ಕಾದರೂ ಹಿಟ್ಟು ಅಲುಗಲಿಲ್ಲ. "ನಾವು ಕೊಂದ್ವಾ?" ಎಂದು ಮಗ ಕೇಳಿದ. ಕೊಂದದ್ದು ನಾನು, ಎಂದೆ. ಮಕ್ಕಳ ಎದುರು ದೊಡ್ಡವರ ಕೈಯಲ್ಲೂ ಕೆಡಬೇಕು. ಕೆಟ್ಟಾಗ ಯಾರ ಮೇಲೂ ಹಾಕದೆ ಮತ್ತೆ ಹಿಟ್ಟು ಅಳೆಯುವುದನ್ನೂ ಅವರು ನೋಡಬೇಕು.

ಹೊಸ ಹಿಟ್ಟು ಎರಡರಷ್ಟಾಗಲು ಸುಮಾರು ಒಂದೂವರೆ ಗಂಟೆ ಹಿಡಿಯಿತು. ಈ ಹೊತ್ತನ್ನು ಆತುರಪಟ್ಟು ಚಿಕ್ಕದು ಮಾಡಲಾಗುವುದಿಲ್ಲ. ಬಟನ್ ಒತ್ತಿದರೆ ಎಲ್ಲ ಬರುವ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಅದು ಹೊಸದು. ಮೊದಮೊದಲು ಹತ್ತು ನಿಮಿಷಕ್ಕೊಮ್ಮೆ ಬಟ್ಟೆ ಎತ್ತಿ ನೋಡುತ್ತಿದ್ದರು. ಈಗ ಪಾತ್ರೆಯ ಮೇಲೆ ಹಿಟ್ಟಿನ ಮಟ್ಟಕ್ಕೆ ಒಂದು ಗುರುತು ಮಾಡಿ ಆಟಕ್ಕೆ ಹೋಗುತ್ತಾರೆ.

ನಾದುವ ಹೊತ್ತಿನ ಬಗ್ಗೆ ಒಂದು ಮಾತು ಹೇಳಲೇಬೇಕು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು ಇದೇ. ಎದುರು ಕೂರಿಸಿಕೊಂಡು "ಸ್ಕೂಲಲ್ಲಿ ಏನಾಯ್ತು?" ಎಂದರೆ "ಏನಿಲ್ಲ" ಎನ್ನುತ್ತಾಳೆ. ಅಕ್ಕಪಕ್ಕ ನಿಂತು, ಇಬ್ಬರ ಕಣ್ಣೂ ಹಿಟ್ಟಿನ ಮೇಲಿದ್ದು, ಕೈ ತುಂಬಾ ಕೆಲಸ ಇರುವಾಗ ಮಾತು ತಾನಾಗಿ ಬರುತ್ತದೆ. ಒಂದು ಸಂಜೆ ಹಿಟ್ಟನ್ನು ಅಂಗೈಯಿಂದ ಮುಂದಕ್ಕೆ ತಳ್ಳುತ್ತಾ, ಮಡಚುತ್ತಾ, ತಿರುಗಿಸುತ್ತಾ ಇದ್ದವಳು ತಲೆ ಎತ್ತದೆ ಹೇಳಿದಳು. ಗೆಳತಿ ಎರಡು ವಾರದಿಂದ ಮಾತಾಡುತ್ತಿಲ್ಲವಂತೆ. ಊಟದ ಹೊತ್ತಲ್ಲಿ ಬೇರೆಯವರ ಜೊತೆ ಕೂರುತ್ತಾಳಂತೆ. ಎರಡು ವಾರ! ನನಗೆ ಏನೂ ಗೊತ್ತಿರಲಿಲ್ಲ. ನಾನು ನಾದುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿ ಅವಳ ಕಡೆ ತಿರುಗಿದ್ದರೆ ಮಾತೂ ಅಲ್ಲಿಗೇ ನಿಲ್ಲುತ್ತಿತ್ತು ಎಂದು ಯಾಕೋ ಅನ್ನಿಸಿತು. "ಹ್ಞೂಂ" ಎಂದೆ. ಅವಳು ಇನ್ನಷ್ಟು ಹೇಳಿದಳು. ಅವತ್ತಿನ ಹಿಟ್ಟು ಬೇಕಾದ್ದಕ್ಕಿಂತ ಜಾಸ್ತಿಯೇ ನಾದಿದ್ದಾಯಿತು. ಬ್ರೆಡ್ ತುಂಬಾ ಚೆನ್ನಾಗಿ ಬಂತು.

ಎಲ್ಲವನ್ನೂ ಮಕ್ಕಳಿಗೇ ಬಿಡಿ ಎಂದು ನಾನು ಹೇಳುತ್ತಿಲ್ಲ. ಕೆಲವು ವಿಷಯಗಳಲ್ಲಿ ನಾನು ಗಟ್ಟಿ. ಬಿಸಿ ಓವನ್ನಿಗೆ ಕೈ ಹಾಕುವುದು ನಾನೊಬ್ಬಳೇ, ಅದೂ ದಪ್ಪ ಒಣ ಕೈಗವಸು ಹಾಕಿಕೊಂಡು. ಒದ್ದೆ ಬಟ್ಟೆ ಹಿಡಿದರೆ ಬಿಸಿ ಸರ್ರನೆ ಕೈಗೆ ದಾಟುತ್ತದೆ. ಕೇಕ್ ಹಿಟ್ಟನ್ನು ಬಟ್ಟಲಿಂದ ಬಳಿದು ನೆಕ್ಕುವುದಕ್ಕೂ ಬಿಡುವುದಿಲ್ಲ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು ಎಂದು ಹಲವರಿಗೆ ಗೊತ್ತು. ಹಸಿ ಹಿಟ್ಟಿನಲ್ಲೂ ಕೆಟ್ಟ ರೋಗಾಣು ಇರಬಹುದು ಎಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಹಿಟ್ಟು ನೋಡಲು ಒಣಗಿದ್ದರೂ ಅದು ಬೇಯಿಸಿದ ಪದಾರ್ಥ ಅಲ್ಲ, ಹೊಲದಿಂದ ಬಂದ ಹಸಿ ಕಾಳನ್ನೇ ಬೀಸಿದ್ದು. ಕೈ ತೊಳೆಯುವುದು ಶುರುವಿಗೆ ಒಮ್ಮೆ, ಮುಗಿದ ಮೇಲೆ ಒಮ್ಮೆ. ಇಂಥ ವಿಷಯದಲ್ಲಿ ಮಕ್ಕಳು ತಾವೇ ಅನುಭವದಿಂದ ಕಲಿಯಲಿ ಎಂದು ಕೂರುವುದು ತಪ್ಪು.

ಇದರಾಚೆ ಮಾತ್ರ ನಿಜವಾದ ಸಾಮಾನುಗಳನ್ನೇ ಕೊಡುತ್ತೇನೆ. ಗಾಜಿನ ಬಟ್ಟಲು, ಲೋಹದ ಜರಡಿ, ತೂಕದ ಲಟ್ಟಣಿಗೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸರಿ 1907ರಲ್ಲಿ ರೋಮ್‌ನಲ್ಲಿ 'ಮಕ್ಕಳ ಮನೆ' ಎಂಬ ಶಾಲೆ ಶುರು ಮಾಡಿದರು. ಅವರ ಪದ್ಧತಿಯಲ್ಲಿ ಪುಟ್ಟ ಮಕ್ಕಳ ಕೈಗೂ ಒಡೆಯುವಂಥ ಪಿಂಗಾಣಿಯನ್ನೇ ಕೊಡುತ್ತಾರೆ. ಬಿದ್ದರೆ ಒಡೆಯುವ ವಸ್ತುವನ್ನು ಮಗು ಬೇರೆ ರೀತಿ ಹಿಡಿಯುತ್ತದೆ. ನಮ್ಮ ಮನೆಯಲ್ಲಿ ಈವರೆಗೆ ಒಡೆದದ್ದು ಒಂದೇ ಬಟ್ಟಲು.

ಗುಡಿಸುವುದು, ತೊಳೆಯುವುದು, ಅಂಟಿದ ಹಿಟ್ಟು ಕೆರೆಯುವುದು ಎಲ್ಲರ ಪಾಲು. ಇದನ್ನು ಶುರುವಿನಲ್ಲೇ ಹೇಳಿಬಿಡಿ.

ಬ್ರೆಡ್ ಬೆಂದಿದೆಯಾ ಎಂದು ನೋಡುವ ಕೆಲಸ ಈಗ ಮಗನದು. ಮೊದಲು ಬಣ್ಣ. 140 ಡಿಗ್ರಿ ದಾಟಿದ ಮೇಲೆ ಹಿಟ್ಟಿನ ಪ್ರೋಟೀನೂ ಸಕ್ಕರೆಯೂ ಬೆರೆತು ಕಂದು ಬಣ್ಣ, ಘಮ ಎರಡೂ ಬೇಗ ಏರುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಅದು. ಮಗನಿಗೆ ಆ ಹೆಸರು ಬೇಡ. ಅವನಿಗೆ ಬೇಕಾದದ್ದು ಶಬ್ದ. ನಾನು ಬ್ರೆಡ್ ಹೊರತೆಗೆದು ಕೈಗವಸಿನ ಮೇಲೆ ಮಗುಚಿ ಹಿಡಿಯುತ್ತೇನೆ. ಅವನು ಮರದ ಚಮಚದಿಂದ ತಳಕ್ಕೆ ಟಕ್ ಟಕ್ ಎಂದು ಬಡಿದು ಕಿವಿ ಹತ್ತಿರ ತರುತ್ತಾನೆ. ಟೊಳ್ಳಾಗಿ ಕೇಳಿಸಿದರೆ ಬೆಂದಿದೆ. ಮಂಕಾಗಿ ಕೇಳಿಸಿದರೆ ಇನ್ನೂ ಐದು ನಿಮಿಷ. ಅವನು "ಇನ್ನೂ" ಅಂದರೆ ನಾವು ಯಾರೂ ಮಾತಾಡುವ ಹಾಗಿಲ್ಲ.

ಹೋದ ಭಾನುವಾರ ಇಬ್ಬರೂ ಸೇರಿ ಬ್ರೆಡ್ ಹಿಟ್ಟು ಕಲಸುತ್ತಿದ್ದರು. ನಾನು ಸಿಂಕ್ ಹತ್ತಿರ ಪಾತ್ರೆ ತೊಳೆಯುತ್ತಿದ್ದೆ. ಅವಳಿಗೆ ಈಗ ಹತ್ತು, ಅವನಿಗೆ ಆರು. ಬಟ್ಟಲುಗಳ ಸಾಲು ಅವನ ವಶ. ಹಿಟ್ಟು ಹಾಕಿದ, ಯೀಸ್ಟ್ ಹಾಕಿದ, ನೀರು ಸುರಿದ. ತೋಳು ಮಡಚಿ ಕಲಸಲು ಕೈ ಇಟ್ಟ. ಎಡಗಡೆ ಉಪ್ಪಿನ ಬಟ್ಟಲು ಉಳಿದಿತ್ತು. ನಾನು ನೋಡಿದೆ. ಮಗಳೂ ನೋಡಿದಳು. ನಮ್ಮಿಬ್ಬರ ಕಣ್ಣು ಒಂದು ಗಳಿಗೆ ಕೂಡಿತು.

ಅವಳು ಬಾಯಿ ಬಿಡಲಿಲ್ಲ. ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಕಿತ್ತು ತಂದು ಅವನ ಮುಂದೆ ಇಟ್ಟಳು. ಮೇಲಿನ ಚಿತ್ರದ ಮೇಲೆ ಅವನ ಹಿಟ್ಟಿನ ಬೆರಳನ್ನು ತಾನೇ ಹಿಡಿದಿಟ್ಟು ಕೈ ಬಿಟ್ಟಳು. ಅವನು ಒಂದೊಂದೇ ಚಿತ್ರ ದಾಟಿಕೊಂಡು ಕೆಳಗೆ ಬಂದ. ತೂತಿರುವ ಡಬ್ಬಿಯ ಮೇಲೆ ಬೆರಳು ನಿಂತಿತು.

"ಅಕ್ಕಾ, ತಡಿ ತಡಿ" ಎಂದು ಎಡಗಡೆಗೆ ಕೈ ಚಾಚಿದ.